ಸಿಲ್ಕ್ಸ್ ಮೊದಲ ಕ್ಲಾಸಿಗೆ ಏನೇನು ತಯಾರಿ? ಹೋಗಿಬಂದವರು ಹೇಳಿ

ನಾನು ಕಾರವಾರದವಳು, ವಯಸ್ಸು 34. ಬರುವ ಭಾನುವಾರ ಗೋವಾದಲ್ಲಿ ಏರಿಯಲ್ ಸಿಲ್ಕ್ಸ್ ಮೊದಲ ಕ್ಲಾಸ್ ಇದೆ. ಮೇಲಿಂದ ಇಳಿಬಿಟ್ಟ ಉದ್ದ ಬಟ್ಟೆ ಹಿಡಿದು ಹತ್ತುವುದು, ಸುತ್ತಿಕೊಂಡು ಗಾಳಿಯಲ್ಲಿ ನಿಲ್ಲುವುದು, ಅದೇ. ನನಗೆ ಒಂದು ಪುಲ್‌ಅಪ್ ಕೂಡ ಬರುವುದಿಲ್ಲ. ಮೊದಲು ಜಿಮ್‌ಗೆ ಹೋಗಿ ಕೈ ಗಟ್ಟಿ ಮಾಡಿಕೊಳ್ಳಬೇಕಾ? ಏನು ಹಾಕಿಕೊಂಡು ಹೋಗಲಿ?

*

ಜಿಮ್‌ಗೆ ಅಂತ ಕಾಯಬೇಡಿ, ಹೋಗಿ. ನನ್ನ ಊರು ಶಿರಸಿ, ಈಗ ಇರುವುದು ಬೆಂಗಳೂರು, ಎರಡು ವರ್ಷದಿಂದ ಕಲಿಯುತ್ತಿದ್ದೇನೆ. ಸೇರುವಾಗ ನನಗೂ ಪುಲ್‌ಅಪ್ ಬರುತ್ತಿರಲಿಲ್ಲ.

ಅಡಿಕೆ ಕೊಯ್ಯುವ ಕೊನೆಗೌಡ ಮರ ಹತ್ತುವುದನ್ನು ನೋಡಿದ್ದೀರಲ್ವಾ? ಕಾಲಿಗೆ ತಳೆ, ಅಂದರೆ ಬಳೆಯಂಥ ಹಗ್ಗ, ಹಾಕಿ, ಪಾದವನ್ನು ಮರಕ್ಕೆ ಒತ್ತಿ, ಮಡಿಸಿದ ಮೊಣಕಾಲನ್ನು ನೆಟ್ಟಗೆ ಮಾಡುತ್ತಾನೆ, ಮೈ ಮೇಲೆ ಹೋಗುತ್ತದೆ. ಸಿಲ್ಕ್ಸ್ ಹತ್ತುವುದೂ ಹಾಗೇ. ಬಟ್ಟೆಯನ್ನು ಒಂದು ಕಾಲಿಗೆ ಸುತ್ತಬೇಕು, ಅದು ಪಾದದ ಮೇಲೆ ಹಾಯುವ ಜಾಗದಲ್ಲಿ ಇನ್ನೊಂದು ಪಾದದಿಂದ ತುಳಿದು ಹಿಡಿದು, ಎದ್ದು ನಿಲ್ಲಬೇಕು. ಮೊದಲ ದಿನ ಎಲ್ಲರೂ ಕೈಯಿಂದಲೇ ಎಳೆದುಕೊಳ್ಳಲು ನೋಡುತ್ತಾರೆ, ಹತ್ತೇ ನಿಮಿಷಕ್ಕೆ ಮುಂಗೈ ಸೋತು ಬೆರಳು ಬಿಗಿಯುವುದೇ ಇಲ್ಲ. ಕಾಲನ್ನು ನಂಬಿ. ನನಗೆ ಅದು ಮೂರನೇ ಕ್ಲಾಸಿನಲ್ಲಿ ಸಿಕ್ಕಿತು, ಎರಡು ಹೆಜ್ಜೆ ಮೇಲೆ ಹೋಗಿ ಕೆಳಗೆ ನೋಡಿದಾಗ ಆದ ಖುಷಿ ಈಗಲೂ ನೆನಪಿದೆ.

ಬಟ್ಟೆ ವಿಷಯ. ಮೊಣಕಾಲಿನ ಹಿಂಭಾಗ ಮುಚ್ಚುವ ಲೆಗ್ಗಿಂಗ್ಸ್, ಕಂಕುಳು ಮುಚ್ಚುವ ಬಿಗಿ ಟಾಪ್, ಅದನ್ನು ಒಳಗೆ ಸಿಗಿಸಿಕೊಳ್ಳಿ. ತಲೆಕೆಳಗಾದಾಗ ಟಾಪ್ ಜಾರಿದರೆ ಸೊಂಟದ ಚರ್ಮ ಉಜ್ಜಿ ಕೆಂಪಾಗಿ ಉರಿಯುತ್ತದೆ. ಜಿಪ್, ಹುಕ್ ಬೇಡ, ಸಿಲ್ಕ್ಸ್ ಹರಿಯುತ್ತದೆ. ಉಂಗುರ, ಬಳೆ, ಗೆಜ್ಜೆ, ಕಾಲುಂಗುರ ಎಲ್ಲ ಮನೆಯಲ್ಲೇ ಬಿಟ್ಟು ಬನ್ನಿ. ಪಾದಕ್ಕೆ ಬಟ್ಟೆ ಬಿಗಿದಾಗ ಕಾಲುಂಗುರ ಪಕ್ಕದ ಬೆರಳಿಗೆ ಒತ್ತಿ ಬಹಳ ನೋಯುತ್ತದೆ.

ಮತ್ತೆ ಎಣ್ಣೆ. ನಾನು ಮೊದಲ ಕ್ಲಾಸಿನ ದಿನ ಬೆಳಿಗ್ಗೆ ತಲೆಗೆ ತೆಂಗಿನೆಣ್ಣೆ ಹಚ್ಚಿ ಅದೇ ಕೈಯಲ್ಲಿ ಹೋಗಿದ್ದೆ. ಹಿಡಿದಲ್ಲೆಲ್ಲ ಜಾರಿತು, ನನ್ನ ನಂತರ ಹತ್ತಿದ ಹುಡುಗಿಗೂ ಜಾರಿತು. ಅವಳಿಗೆ ಏನಾದರೂ ಆಗಿದ್ದರೆ ಅಂತ ಆಮೇಲೆ ತುಂಬಾ ಬೇಸರವಾಯಿತು. ಲೋಷನ್ನೂ ಬೇಡ. ಕರಾವಳಿ ಸೆಕೆಗೆ ಅಂಗೈ ಬೆವರುತ್ತದೆ, ಒಂದು ಸಣ್ಣ ಟವೆಲ್ ಇಟ್ಟುಕೊಳ್ಳಿ. ರೋಸಿನ್ ಅಂತ ರಾಳದ ಪುಡಿ ಕೊಡುತ್ತಾರೆ, ಹಿಡಿತಕ್ಕೆ.

ಊಟ ಎರಡು ತಾಸು ಮುಂಚೆ, ಸ್ವಲ್ಪವೇ.

*

ಅಕ್ಕ, ನಾನು ಕಾರವಾರದವನೇ, ಶಾಲೆಯಲ್ಲಿದ್ದಾಗ ಮಲ್ಲಕಂಬ ಮಾಡುತ್ತಿದ್ದೆ, ಹೋದ ವರ್ಷ ಸಿಲ್ಕ್ಸ್ ಶುರು ಮಾಡಿದೆ. ಕಂಬಕ್ಕೆ ನಾವು ಹರಳೆಣ್ಣೆ ಸವರುತ್ತಿದ್ದೆವು, ಇಲ್ಲಿ ಎಣ್ಣೆಯೇ ವೈರಿ! ಮೇಲಿನವರು ಇಳಿಯುವುದರ ಬಗ್ಗೆ ಹೇಳಲಿಲ್ಲ. ಸುಸ್ತಾದಾಗ ಬಟ್ಟೆ ಹಿಡಿದು ಸರ್ರನೆ ಜಾರಬೇಡಿ, ಅಂಗೈ ಸುಡುತ್ತದೆ. ಒಂದರ ಕೆಳಗೊಂದು ಕೈ ಇಡುತ್ತಾ ಇಳಿಯಿರಿ, ಇಳಿಯಲು ಬೇಕಾಗುವಷ್ಟು ಶಕ್ತಿ ಉಳಿದಿರುವಾಗಲೇ ಇಳಿಯಿರಿ. ಈ ವಾರ ಮನೆಯಲ್ಲಿ ಏನಾದರೂ ಮಾಡಲೇಬೇಕು ಅನಿಸಿದರೆ, ಪಾರ್ಕಿನ ಕಬ್ಬಿಣದ ಅಡ್ಡಪಟ್ಟಿಗೆ ಹತ್ತು ಸೆಕೆಂಡು ಜೋತುಬಿದ್ದು ಭುಜವನ್ನು ಕಿವಿಯಿಂದ ಕೆಳಗೆ ಎಳೆದುಕೊಳ್ಳುವುದನ್ನು ಅಭ್ಯಾಸ ಮಾಡಿ, ಸಾಕು. ಕ್ಲಾಸಿನ ಮಾರನೇ ದಿನ ಕಾಯಿ ತುರಿಯುವ ಕೆಲಸ ಬೇರೆಯವರಿಗೆ ಹೇಳಿಬಿಡಿ, ಕೈ ಬರುವುದಿಲ್ಲ.

*

ನಾನು ಕುಮಟಾದಿಂದ, ಮಗಳನ್ನು ಕ್ಲಾಸಿಗೆ ಕರೆದುಕೊಂಡು ಹೋಗುತ್ತೇನೆ. ಬಿಪಿ, ಗ್ಲೂಕೋಮಾ (ಕಣ್ಣಿನ ಒತ್ತಡದ ಕಾಯಿಲೆ), ಭುಜದ ಹಳೇ ನೋವು ಇದ್ದರೆ ಕ್ಲಾಸ್ ಶುರುವಾಗುವ ಮೊದಲೇ ಟೀಚರಿಗೆ ಹೇಳಿ, ತಲೆಕೆಳಗಾಗುವುದು ಎಲ್ಲರಿಗೂ ಒಳ್ಳೆಯದಲ್ಲ. ಕೆಳಗೆ ದಪ್ಪ ಮ್ಯಾಟ್ ಇದೆಯಾ, ಮೇಲಿನ ಕೊಂಡಿಯನ್ನು ಯಾರು ಪರೀಕ್ಷೆ ಮಾಡುತ್ತಾರೆ, ಸಂಕೋಚ ಇಲ್ಲದೆ ಕೇಳಿ. ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಅಲ್ಲಿ ಹತ್ತಬೇಡಿ. ಇನ್ನೊಂದು, ಎರಡು ಕ್ಲಾಸ್ ಆದಮೇಲೆ ಮನೆಯಲ್ಲೇ ಕಟ್ಟಿಕೊಳ್ಳುವ ಆಸೆ ಬರುತ್ತದೆ, ನಮ್ಮ ಮಗಳಿಗೂ ಬಂತು. ಫ್ಯಾನಿನ ಕೊಕ್ಕೆಗೂ ಹೆಂಚಿನ ಮನೆಯ ತೊಲೆಗೂ ಕಟ್ಟಬೇಡಿ. ತೂಗಾಡುವಾಗ, ಸರಕ್ಕನೆ ಬಿದ್ದು ನಿಂತಾಗ ನಮ್ಮ ತೂಕದ ಹಲವು ಪಟ್ಟು ಭಾರ ಅದರ ಮೇಲೆ ಬೀಳುತ್ತದೆ.