ಸಂಜೆ ಸಿಡಿ ಸರಿಯಾಗಿ ಹಾಡುತ್ತೆ, ಬೆಳಗ್ಗೆ ಅಲಾರಾಂಗೆ ಮಾತ್ರ ‘ನೋ ಡಿಸ್ಕ್’

ನಸುಕು6:
ಸಾಕಾಗಿಹೋಗಿದೆ. ಹಾಸಿಗೆ ಪಕ್ಕ ಇಡೋ ಕ್ಲಾಕ್ ರೇಡಿಯೊ, ಮೇಲ್ಗಡೆ ಮುಚ್ಚಳ ಎತ್ತಿ ಸಿಡಿ ಹಾಕೋ ಮಾದರಿ. ಅಲಾರಾಂ ಸಿಡಿಗೆ ಇಟ್ಟರೆ ಬೆಳಗ್ಗೆ 6ಕ್ಕೆ ಹಾಡಿನ ಬದಲು ಬಜರ್ ಕಿರುಚುತ್ತೆ, ಡಿಸ್ಪ್ಲೇಯಲ್ಲಿ ‘ನೋ ಡಿಸ್ಕ್’. ಅದೇ ಡಿಸ್ಕ್ ಹಿಂದಿನ ಸಂಜೆ ಎಲ್ಲೂ ತಡವರಿಸದೆ ಪೂರ್ತಿ ಹಾಡಿರುತ್ತೆ. ಮಧ್ಯೆ ಯಾರೂ ಮುಟ್ಟಿರಲ್ಲ. ಸೆಟಿಂಗ್ ಮೂರು ಸಲ ನೋಡಿದ್ದೇನೆ, ಸರಿ ಇದೆ. ಏನು ಕೆಟ್ಟಿರಬಹುದು?

ಲೇಸರ್ ಮೇಷ್ಟ್ರು:
ಬಜರ್ ಬಂದದ್ದು ದೋಷವಲ್ಲ. ಸಿಡಿ ಓದೋಕಾಗದಿದ್ದರೆ ಮಲಗಿದವರು ಏಳದೇ ಹೋಗಬಾರದು ಅಂತ ಇಂಥ ಎಷ್ಟೋ ಸೆಟ್‌ಗಳು ತಾವಾಗೇ ಬಜರ್‌ಗೆ ಬದಲಾಗುತ್ತವೆ. ಯಾಕೆ ಓದುತ್ತಿಲ್ಲ ಅನ್ನೋದು ಪ್ರಶ್ನೆ, ನನ್ನ ಉತ್ತರ ಡಿಸ್ಕ್ ಓದೋ ಲೇಸರ್‌ನ ಲೆನ್ಸ್ ಮೇಲಿನ ದೂಳು. ಮಲಗೋ ಕೋಣೆಯಲ್ಲಿ ದಿಂಬು, ಹೊದಿಕೆಯ ನಾರು ಹಾರಾಡುತ್ತಲೇ ಇರುತ್ತೆ, ಮುಚ್ಚಳದ ಸಂದಿಯಿಂದ ಇಳಿದು ನೇರ ಲೆನ್ಸ್ ಮೇಲೆ ಕೂರುತ್ತೆ.

ಪ್ಲಗ್ ಕಿತ್ತು, ಮೊದಲು ಕ್ಯಾಮೆರಾ ಬ್ಲೋಯರ್‌ನಿಂದ ಗಾಳಿ ಹಾಯಿಸಿ. ಬಾಯಿಂದ ಊದಬೇಡಿ, ಎಂಜಲ ಹನಿ ಒಣಗಿ ಕಲೆಯಾಗುತ್ತೆ. ಆಮೇಲೆ ಹತ್ತಿಕಡ್ಡಿಗೆ 99% ಐಸೊಪ್ರೊಪೈಲ್ ಆಲ್ಕೋಹಾಲ್ ಒಂದೇ ಹನಿ. ಲೆನ್ಸ್ ಸಣ್ಣ ತಂತಿಗಳ ಮೇಲೆ ತೂಗುತ್ತಿರುತ್ತೆ. ಕಡ್ಡಿಯ ಭಾರ ಮಾತ್ರ ತಾಗಲಿ, ಒತ್ತಬೇಡಿ.

ನಸುಕು6:
ಒರೆಸಿದೆ. ಎರಡು ದಿನವಾಯ್ತು, ಅದೇ ಕಥೆ. ಅಂದ ಹಾಗೆ ಇದು ಕಂಪ್ಯೂಟರ್‌ನಲ್ಲಿ ಬರೆದುಕೊಂಡ ಡಿಸ್ಕ್. ಅದರಿಂದ ಏನಾದರೂ ವ್ಯತ್ಯಾಸ ಆಗುತ್ತಾ?

ಲೇಸರ್ ಮೇಷ್ಟ್ರು:
ಅದನ್ನ ಮೊದಲ ಸಾಲಲ್ಲೇ ಹೇಳಬೇಕಿತ್ತಲ್ಲ! ಅಂಗಡಿಯಲ್ಲಿ ಸಿಗೋ, ಅಚ್ಚು ಹಾಕಿದ ಸಿಡಿಯಲ್ಲಿ ಅಲ್ಯೂಮಿನಿಯಂ ಪದರ. ಒಮ್ಮೆ ಮಾತ್ರ ಬರೆಯೋ ಸಿಡಿ-ಆರ್‌ನಲ್ಲಿ ಬೆಳಕು ಬಣ್ಣದ ಪದರ ದಾಟಿ ವಾಪಸ್ ಬರಬೇಕು, ಹಾಗಾಗಿ ಪ್ರತಿಫಲನ ಕಡಿಮೆ. ಅಳಿಸಿ ಮತ್ತೆ ಬರೆಯೋ ಸಿಡಿ-ಆರ್‌ಡಬ್ಲ್ಯೂ ಆದರೆ ಇನ್ನೂ ಬಹಳ ಕಡಿಮೆ, ಎಷ್ಟೋ ಹಳೇ ಪ್ಲೇಯರ್‌ಗಳು ಅದನ್ನ ಗುರುತಿಸೋದೇ ಇಲ್ಲ. ಸುಸ್ತಾದ ಲೇಸರ್ ಮೊದಲು ಕೈಕೊಡೋದು ಇಂಥ ಡಿಸ್ಕ್‌ಗಳಲ್ಲೇ. 4ಎಕ್ಸ್ ವೇಗದಲ್ಲಿ (ಹಾಡೋ ವೇಗದ ನಾಲ್ಕು ಪಟ್ಟು) ಹೊಸದಾಗಿ ಬರೆಯಿರಿ, ಸೆಷನ್ ಮುಚ್ಚೋದು (ಬರವಣಿಗೆ ಅಂತಿಮಗೊಳಿಸೋದು) ಮರೀಬೇಡಿ.

ಟ್ರ್ಯಾಕ್13:
4ಎಕ್ಸ್ ಸಲಹೆ ಹಳೇ ಕಾಲದ್ದು ಮೇಷ್ಟ್ರೇ. 52ಎಕ್ಸ್ ಅಂತ ಬರೆದಿರೋ ಡಿಸ್ಕ್‌ನ ಬಣ್ಣದ ಪದರ ಹೆಚ್ಚು ವೇಗಕ್ಕೆ ಹೊಂದಿಸಿದ್ದು, ತೀರಾ ನಿಧಾನ ಬರೆದರೆ ಗುರುತುಗಳು ಸ್ಪಷ್ಟವಾಗಿ ಮೂಡದೇ ಇರಬಹುದು. 16ಎಕ್ಸ್ ಸರಿ.

ಲೇಸರ್ ಮೇಷ್ಟ್ರು:
ನಿಧಾನಕ್ಕೆ ಬರೆದ ಡಿಸ್ಕ್ ಹಳೇ ಪ್ಲೇಯರ್‌ನಲ್ಲಿ ಚೆನ್ನಾಗಿ ಓದುತ್ತೆ. ಇದರಲ್ಲಿ ನನಗೆ ಅನುಮಾನವಿಲ್ಲ.

ಟ್ರ್ಯಾಕ್13:
ಡ್ರೈವ್ ಯಾವುದು, ಡಿಸ್ಕ್ ಯಾವುದು ಅನ್ನೋದರ ಮೇಲೆ ಹೋಗುತ್ತೆ. ದೋಷದ ಲೆಕ್ಕ ತೋರಿಸೋ ಡ್ರೈವ್‌ನಲ್ಲಿ ಎರಡು ವೇಗದಲ್ಲೂ ಬರೆದು ಸಿ1 (ಸಣ್ಣ ದೋಷ), ಸಿ2 (ದೊಡ್ಡ ದೋಷ) ಅಂಕಿ ನೋಡಿ, ಆಮೇಲೆ ಮಾತಾಡೋಣ. ಮತ್ತೆ ಡಿಸ್ಕ್ ಒರೆಸೋದಾದರೆ ನಡುವಿನಿಂದ ಅಂಚಿನ ಕಡೆಗೆ ನೇರ, ಸುತ್ತಿ ಸುತ್ತಿ ಒರೆಸಬೇಡಿ. ಲೇಬಲ್ ಕಡೆ ಗೀರು ಬಿದ್ದರಂತೂ ಆ ಡಿಸ್ಕ್ ಮುಗೀತು, ಕನ್ನಡಿ ಪದರ ಇರೋದು ಆ ಬದಿಯ ಅರಗಿನ ಕೆಳಗೇ.

ನಸುಕು6:
ಅಂಗಡಿಯಲ್ಲಿ ಕೊಂಡ ಸಿಡಿ ಹಾಕಿ ನೋಡಿದೆ. ಸಂಜೆ ಹಾಡುತ್ತೆ, ಬೆಳಗ್ಗೆ ಇಲ್ಲ. ಡಿಸ್ಕ್ ಜಗಳ ಬಿಟ್ಟು ಯಾರಾದರೂ ಸಹಾಯ ಮಾಡಿ.

ಬೆಸುಗೆಕಡ್ಡಿ:
ಮೂರು ಪ್ರಶ್ನೆ. ಸಂಜೆ ಸಿಡಿ ಹಾಕೋ ಮುಂಚೆ ಸೆಟ್ ಏನು ಮಾಡ್ತಿರುತ್ತೆ? ಬೆಳಗ್ಗೆ ಡಿಸ್ಕ್ ತಿರುಗೋಕೆ ಶುರುವಾಗುತ್ತಾ? ಆ ಹೊತ್ತಲ್ಲಿ ಡಿಸ್ಪ್ಲೇ ಹೇಗಿರುತ್ತೆ?

ನಸುಕು6:
ಸಂಜೆ ಅರ್ಧ ಗಂಟೆ ರೇಡಿಯೊ ವಾರ್ತೆ ಕೇಳಿ ಆಮೇಲೆ ಸಿಡಿಗೆ ಹೋಗ್ತೇನೆ. ಅದು ದಿನಾ ಇರೋದೇ, ಹೇಳಬೇಕು ಅನ್ನಿಸಲಿಲ್ಲ. ಬೆಳಗ್ಗೆ ಡಿಸ್ಕ್ ಒಂದೆರಡು ಸುತ್ತು ಹಾಕಿ ನಿಲ್ಲುತ್ತೆ, ಅಂಕಿಗಳು ಒಂದು ಕ್ಷಣ ಮಂಕಾಗ್ತವೆ. ಕೋಣೆ ಆಗ ಚೆನ್ನಾಗಿ ತಣ್ಣಗಿರುತ್ತೆ.

ಬೆಸುಗೆಕಡ್ಡಿ:
ಸುಳಿವು ಅಲ್ಲೇ ಇದೆ. ಡಿಸ್ಕ್ ತಿರುಗಿತು ಅಂದರೆ ಲೆನ್ಸ್ ಫೋಕಸ್ ಸಿಕ್ಕಿರುವ ಸಾಧ್ಯತೆ ಹೆಚ್ಚು. ಅಂಕಿ ಮಂಕಾಯ್ತು ಅಂದರೆ ವೋಲ್ಟೇಜ್ ಕುಸೀತಿದೆ. ಪವರ್ ಸಪ್ಲೈಯಲ್ಲಿ ವೋಲ್ಟೇಜ್ ಏರಿಳಿತ ತಗ್ಗಿಸೋ ದೊಡ್ಡ ಫಿಲ್ಟರ್ ಕೆಪಾಸಿಟರ್ ಒಣಗಿದೆ ಅಂತ ನನ್ನ ಅನುಮಾನ. ಎಲೆಕ್ಟ್ರೋಲೈಟ್ (ಒಳಗಿನ ದ್ರವ) ಒಣಗಿದ ಕೆಪಾಸಿಟರ್‌ನ ಒಳರೋಧ ತಣ್ಣಗಿದ್ದಾಗ ಏರುತ್ತೆ, ಬಿಸಿಯಾದಾಗ ಇಳಿಯುತ್ತೆ. ರೇಡಿಯೊ ಅರ್ಧ ಗಂಟೆ ಓಡಿದರೆ ವೋಲ್ಟೇಜ್ ಒಂದೇ ಸಮ ಇಡೋ ರೆಗ್ಯುಲೇಟರ್‌ನ ಹೀಟ್ ಸಿಂಕ್ (ಬಿಸಿ ಹೊರಹಾಕೋ ಲೋಹದ ತಟ್ಟೆ) ಪಕ್ಕದ ಕೆಪಾಸಿಟರನ್ನ ಬೆಚ್ಚಗೆ ಮಾಡಿರುತ್ತೆ, ಸಿಡಿ ಹಾಡುತ್ತೆ. ಅದನ್ನ ಒಣಗಿಸಿದ್ದೂ ಅದೇ ಹೀಟ್ ಸಿಂಕ್.

ಲೆಕ್ಕ ನೋಡಿ. 50 ಹರ್ಟ್ಸ್ ಕರೆಂಟ್, ಏಸಿಯನ್ನ ಡಿಸಿ ಮಾಡೋ ಡಯೋಡ್ ಬ್ರಿಡ್ಜ್ ಆದಮೇಲೆ 10 ಮಿಲಿಸೆಕೆಂಡ್‌ಗೊಮ್ಮೆ ಚಾರ್ಜ್. ಮೋಟಾರ್ ಎದ್ದಾಗ ಅರ್ಧ ಆಂಪಿಯರ್ ಎಳೆದರೆ, 2200 ಮೈಕ್ರೋಫ್ಯಾರಡ್ ಸರಿ ಇದ್ದಾಗ ಏರಿಳಿತ ಸುಮಾರು 2.3 ವೋಲ್ಟ್. ಅದು 700ಕ್ಕೆ ಇಳಿದಿದ್ದರೆ ಏರಿಳಿತ ಇದರ ಮೂರು ಪಟ್ಟಿನ ಹತ್ತಿರ. 7805ಕ್ಕೆ (5 ವೋಲ್ಟ್ ಕೊಡೋ ರೆಗ್ಯುಲೇಟರ್) ಇನ್‌ಪುಟ್‌ನಲ್ಲಿ 7 ವೋಲ್ಟ್ ಸುತ್ತಮುತ್ತ ಬೇಕು. ತಗ್ಗಿನಲ್ಲಿ ಅದಕ್ಕಿಂತ ಕೆಳಗೆ ಹೋದಾಗ ಲೆನ್ಸನ್ನ ಗೆರೆ ಮೇಲೆ ಹಿಡಿದಿಡೋ ಸರ್ವೊ ತಪ್ಪುತ್ತೆ, ಡಿಸ್ಕ್‌ನ ಒಳ ಅಂಚಿನ ವಿಷಯಪಟ್ಟಿ ಓದೋಕಾಗಲ್ಲ, ‘ನೋ ಡಿಸ್ಕ್’.

ಲೇಸರ್ ಮೇಷ್ಟ್ರು:
ಚಳಿಗೆ ಸ್ಲೆಡ್ (ಲೆನ್ಸ್ ಘಟಕವನ್ನ ಸರಿಸೋ ಭಾಗ) ಗೇರಿನ ಗ್ರೀಸ್ ಗಟ್ಟಿಯಾದರೂ ಇದೇ ಲಕ್ಷಣ. ಪಿಕಪ್, ಅಂದರೆ ಆ ಲೇಸರ್-ಲೆನ್ಸ್ ಘಟಕ, ಒಳಗಡೆಗೆ ಬರೋಕಾಗದೆ ಸಿಕ್ಕಿಕೊಳ್ಳುತ್ತೆ, ಮೋಟಾರ್ ಜಾಸ್ತಿ ಕರೆಂಟ್ ಎಳೆಯುತ್ತೆ, ಡಿಸ್ಪ್ಲೇ ಮಂಕಾಗುತ್ತೆ. ಪಿಕಪ್ ಬದಲಾಯಿಸೋದೇ ಶಾಶ್ವತ ಪರಿಹಾರ. ಎಸ್‌ಎಫ್-ಪಿ101ಎನ್ ಮಾದರಿ ಪಿಕಪ್ ಇದ್ದರೆ 15 ಪಿನ್ನೋ 16 ಪಿನ್ನೋ ಎಣಿಸಿ ತರಿಸಿ. ಹೊಸದರಲ್ಲಿ ಸ್ಥಿರವಿದ್ಯುತ್ ರಕ್ಷಣೆಗೆ ಹಾಕಿರೋ ಸೋಲ್ಡರ್ ಬೊಟ್ಟು ತೆಗೆಯೋದು ಮರೀಬೇಡಿ.

ಬೆಸುಗೆಕಡ್ಡಿ:
ಗ್ರೀಸ್ ಮಾತು ಒಪ್ಪುತ್ತೇನೆ, ಪಿಕಪ್ ಮಾತು ಒಪ್ಪಲ್ಲ. ಅಳೆದು ತೀರ್ಮಾನಿಸೋಣ. ನಸುಕು6, ಪ್ಲಗ್ ಕಿತ್ತು ಐದು ನಿಮಿಷ ಬಿಟ್ಟು ಬಿಚ್ಚಿ. ಪಿಕಪ್‌ನ ಬಿಳಿ ಗೇರನ್ನ ಬೆರಳಿಂದ ತಿರುಗಿಸಿ, ಸಲೀಸಾಗಿ ಓಡಿದರೆ ಗ್ರೀಸ್ ಪಾಲು ಮುಗೀತು. ಆಮೇಲೆ ದೊಡ್ಡ ಕೆಪಾಸಿಟರ್‌ನ ಎರಡು ಕಾಲಿಗೆ ತಂತಿ ಬೆಸೆದು ಹೊರಗೆ ತನ್ನಿ, ಟ್ರಾನ್ಸ್‌ಫಾರ್ಮರ್‌ನ ಮೇನ್ಸ್ ಕಡೆ ಕೈ ಹೋಗದ ಹಾಗೆ ಕವಚ ಮುಚ್ಚಿ. ಬೆಳಗ್ಗೆ ತಣ್ಣಗಿರುವಾಗಲೇ ಪ್ಲೇ ಒತ್ತಿ, ಮಲ್ಟಿಮೀಟರ್ ಏಸಿ ರೇಂಜ್‌ನಲ್ಲಿಟ್ಟು ಅಳೆಯಿರಿ. ಕೆಲವು ಅಗ್ಗದ ಮೀಟರ್‌ಗಳು ಡಿಸಿಯನ್ನೂ ಏಸಿ ಅಂತ ತೋರಿಸಿಬಿಡುತ್ತವೆ, ಕೆಂಪು ತಂತಿಗೆ ಸಾಲಾಗಿ 1 ಮೈಕ್ರೋಫ್ಯಾರಡ್ ಫಿಲ್ಮ್ ಕೆಪಾಸಿಟರ್ ಹಾಕಿ. ಮೀಟರ್ ತೋರಿಸೋದು ಮೇಲೆ ಹೇಳಿದ ಪೂರ್ತಿ ಏರಿಳಿತದ ಸುಮಾರು ಮೂರರಲ್ಲೊಂದು ಪಾಲು. 0.7 ವೋಲ್ಟ್ ಸುತ್ತ ಬಂದರೆ ಸಪ್ಲೈ ಸರಿ. 1.5 ದಾಟಿದರೆ ಕೆಪಾಸಿಟರ್ ಹೋಗಿದೆ.

ಹಳೇಡೆಕ್:
ಇಷ್ಟೆಲ್ಲ ಯಾಕೆ? ಪೂರ್ಣ ಗಾತ್ರದ ಸಿಡಿ ಡೆಕ್, ಹಿಂದೆ ‘ಟೈಮರ್ ಪ್ಲೇ’ ಸ್ವಿಚ್ (ಕರೆಂಟ್ ಬಂದ ಕೂಡಲೇ ತಾನಾಗೇ ಹಾಡಿಸೋದು) ಇರೋದು. ಅದಕ್ಕೊಂದು ಆಂಪ್ಲಿಫೈಯರ್, ಎರಡು 5 ಇಂಚಿನ ಸ್ಪೀಕರ್, ಗೋಡೆ ಸಾಕೆಟ್‌ಗೆ ಮೆಕ್ಯಾನಿಕಲ್ ಟೈಮರ್. ನನ್ನ ಮಂಚದ ಪಕ್ಕ ಇರೋದು ಅದೇ. ಕ್ಲಾಕ್ ರೇಡಿಯೊದ ಅಂಗೈ ಅಗಲದ ಸ್ಪೀಕರ್ ಅದರ ಹತ್ತಿರಕ್ಕೂ ಬರಲ್ಲ.

ಟ್ರ್ಯಾಕ್13:
ಒತ್ತಿದರೆ ಒಳಗೇ ನಿಲ್ಲೋ ಪವರ್ ಬಟನ್ ಇದ್ದರೆ ಮಾತ್ರ ಅದು ನಡೆಯುತ್ತೆ. ಮೃದು ಬಟನ್ ಇರೋ ಡೆಕ್ ಕರೆಂಟ್ ಬಂದರೂ ಸ್ಟ್ಯಾಂಡ್‌ಬೈನಲ್ಲೇ ಕೂತಿರುತ್ತೆ. ಕೇಳಿದ್ದು ಬೇರೆ, ದಯವಿಟ್ಟು ವಿಷಯಕ್ಕೆ ಬನ್ನಿ.

50ಹರ್ಟ್ಸ್:
ಇಲ್ಲೇ ಕೇಳಿಬಿಡ್ತೇನೆ. ನನ್ನ ಸೆಟ್‌ನಲ್ಲಿ ಸಿಡಿ ಸರಿ, ಗಡಿಯಾರವೇ ಮುಂದೆ ಓಡುತ್ತೆ, ಅದೂ ಇನ್ವರ್ಟರ್ ಮೇಲಿದ್ದಾಗ ಮಾತ್ರ. 9 ವೋಲ್ಟ್ ಬ್ಯಾಟರಿ ಹೊಸದು.

ಟ್ರ್ಯಾಕ್13:
ಎಲ್‌ಎಂ8560 ಥರದ ಗಡಿಯಾರದ ಚಿಪ್ ಇದ್ದರೆ ಅದು ಮೇನ್ಸ್ ಅಲೆಗಳನ್ನ ಎಣಿಸಿ ಸಮಯ ಹೇಳುತ್ತೆ. ಇನ್ವರ್ಟರ್‌ನ ಚೌಕ ಅಲೆಯಲ್ಲಿ ಚೂಪು ಗದ್ದಲ ಇರುತ್ತೆ, ಒಂದು ಅಲೆಯನ್ನೇ ಎರಡು ಸಲ ಎಣಿಸಿಬಿಡುತ್ತೆ. ಎಣಿಕೆ ಪಿನ್ನಿಗೂ ಗ್ರೌಂಡಿಗೂ ನಡುವೆ 0.01 ಮೈಕ್ರೋಫ್ಯಾರಡ್ ಹಾಕಿ. ಬ್ಯಾಟರಿಗೆ ಇಲ್ಲಿ ಪಾತ್ರವಿಲ್ಲ. ಪೂರ್ತಿ ಕರೆಂಟ್ ಹೋದಾಗ ಮಾತ್ರ ಅದು ಒಳಗಿನ ಆರ್‌ಸಿ ಆಸಿಲೇಟರ್ ಓಡಿಸುತ್ತೆ, ಅದರ ಎಣಿಕೆ ಅಂದಾಜಿನದ್ದು.

ನಸುಕು6:
ಅಳೆದೆ. ಗೇರ್ ಸಲೀಸಾಗಿ ತಿರುಗುತ್ತೆ. ಸ್ಟ್ಯಾಂಡ್‌ಬೈನಲ್ಲಿ ಡಿಸಿ 12.1. ತಣ್ಣಗಿರುವಾಗ ಪ್ಲೇ ಒತ್ತಿದರೆ ಏಸಿ 1.9ಕ್ಕೆ ಹಾರುತ್ತೆ. ಅರ್ಧ ಗಂಟೆ ರೇಡಿಯೊ ಆದಮೇಲೆ 1.1, ಆಗ ಸಿಡಿ ಓದುತ್ತೆ. ಕೆಪಾಸಿಟರ್ 2200 ಮೈಕ್ರೋಫ್ಯಾರಡ್, 16 ವೋಲ್ಟ್, 85 ಡಿಗ್ರಿ. ಬುಡದ ಸುತ್ತ ಕಂದು ಅಂಟು.

ಬೆಸುಗೆಕಡ್ಡಿ:
2200, 25 ವೋಲ್ಟ್, 105 ಡಿಗ್ರಿಯದ್ದು ಹಾಕಿ. 25 ವೋಲ್ಟಿನದು ದಪ್ಪ ಇರುತ್ತೆ, ಹೀಟ್ ಸಿಂಕ್‌ಗೆ ತಾಗಿದರೆ ಕಾಲು ಉದ್ದ ಬಿಟ್ಟು ಸ್ಲೀವ್ ಹಾಕಿ ಈಚೆಗೆ ಮಲಗಿಸಿ. ಮೈಮೇಲಿನ ಪಟ್ಟೆ ಮೈನಸ್, ತಿರುಗಿಸಿ ಹಾಕಿದರೆ ಸಿಡಿಯುತ್ತೆ. 3300 ಆದರೂ ನಡೆಯುತ್ತೆ, 10,000 ಬೇಡ, ಪ್ಲಗ್ ಹಾಕಿದ ಕ್ಷಣ ಡಯೋಡ್‌ಗಳಿಗೆ ಪೆಟ್ಟು. ಕಂದು ಅಂಟನ್ನ ಪೂರ್ತಿ ಕೆರೆದು ತೆಗೆಯಿರಿ, ಹಳತಾದರೆ ಅದು ಕರೆಂಟ್ ಸೋರಿಸುತ್ತೆ, ತಾಮ್ರ ತಿನ್ನುತ್ತೆ.

ನಸುಕು6:
ಹಾಕಿದೆ. ತಣ್ಣಗಿರುವಾಗಲೇ 0.6. ನಾಲ್ಕು ದಿನದಿಂದ 6ಕ್ಕೆ ಸರಿಯಾಗಿ ಹಾಡು ಬರ್ತಿದೆ, ಅಂಕಿ ಮಂಕಾಗಲ್ಲ, ರೇಡಿಯೊದ ಹಿನ್ನೆಲೆಯಲ್ಲಿದ್ದ ಸಣ್ಣ ಗುಂಯ್ ಸದ್ದೂ ಹೋಯ್ತು. ಅದನ್ನ ಸ್ಟೇಷನ್ನಿನದ್ದು ಅಂದುಕೊಂಡಿದ್ದೆ. ತುಂಬಾ ಉಪಕಾರವಾಯ್ತು.

ಲೇಸರ್ ಮೇಷ್ಟ್ರು:
ಸಂತೋಷ. ಲೆನ್ಸ್ ಆರು ತಿಂಗಳಿಗೊಮ್ಮೆ ಒರೆಸ್ತಾ ಇರಿ.

50ಹರ್ಟ್ಸ್:
ನನ್ನ ಬೋರ್ಡ್‌ನಲ್ಲಿ ಆ ಚಿಪ್ ಇಲ್ಲ, ಕಪ್ಪು ಬೊಟ್ಟಿನ ಕೆಳಗೆ ಏನೋ ಇದೆ, ಪಕ್ಕದಲ್ಲಿ ಸಣ್ಣ ಬೆಳ್ಳಿ ಕೊಳವೆಯಂಥ ಕ್ರಿಸ್ಟಲ್. ಹಾಗಿದ್ದರೂ ಇನ್ವರ್ಟರ್ ಮೇಲೆ ಗಡಿಯಾರ ಯಾಕೆ ಮುಂದೆ ಓಡುತ್ತೆ?