ಅಂತೋಣಿಯವರ ಪಾದ ಮುಟ್ಟಿದ್ರೆ ವಿಗ್ರಹಾರಾಧನೆನಾ?

ಬನ್ನಿಮಂಟಪದವ: ಭಾನುವಾರ ಡೋರ್ನಹಳ್ಳಿಯ ಸಂತ ಅಂತೋಣಿ ಚರ್ಚಿಗೆ ಹೋಗಿದ್ವಿ. ಅಮ್ಮ ಸಂತ ಅಂತೋಣಿಯವರ ಪ್ರತಿಮೆ ಮುಟ್ಟಿ ಕಣ್ಣಿಗೊತ್ಕೊಂಡ್ರು. ಮೈಸೂರಿಗೆ ವಾಪಸ್ ಬರುವಾಗ ಜೊತೆಗಿದ್ದ ಪೆಂತೆಕೋಸ್ತಿನ ಗೆಳೆಯ, 'ಇದು ವಿಗ್ರಹಾರಾಧನೆ ಅಲ್ದೆ ಇನ್ನೇನು?' ಅಂದ. ನನಗೆ ಉತ್ತರ ಹೊಳೀಲಿಲ್ಲ.

ವಚನಪ್ರಿಯ: ಅವರು ಹೇಳಿದ್ದೇ ಸರಿ. ವಿಗ್ರಹ ಮಾಡಬೇಡ, ಅಡ್ಡಬೀಳಬೇಡ ಅಂತ ಬೈಬಲಿನ ವಿಮೋಚನಕಾಂಡ 20ರಲ್ಲಿ ನೇರವಾಗಿದೆ. ನಾವು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ), ಅಂದ್ರೆ ಪ್ರೊಟೆಸ್ಟಂಟರು. ನಮ್ಮ ಚರ್ಚಲ್ಲಿರೋದು ಬರೀ ಶಿಲುಬೆ. ಪ್ರಾರ್ಥನೆಗೇನೂ ಕಮ್ಮಿಯಾಗಿಲ್ಲ.

ಅಶೋಕರಸ್ತೆ: ಐದು ಅಧ್ಯಾಯ ಮುಂದಕ್ಕೆ ಹೋಗಿ ಸಾರ್. 25ರಲ್ಲಿ ಅದೇ ದೇವರು ಮಂಜೂಷದ (ದೇವರ ಆಜ್ಞೆಗಳನ್ನಿಟ್ಟ ಪೆಟ್ಟಿಗೆ) ಮೇಲೆ ಬಂಗಾರದ ಎರಡು ಕೆರೂಬಿಗಳನ್ನ, ಅಂದ್ರೆ ರೆಕ್ಕೆಯ ದೇವದೂತರನ್ನ, ಮಾಡಿಸ್ತಾನೆ. ಅರಣ್ಯಕಾಂಡದಲ್ಲಿ ಮೋಶೆ ಕೈಲಿ ತಾಮ್ರದ ಹಾವು ಮಾಡಿಸ್ತಾನೆ. ಗೌರವ ಪ್ರತಿಮೆಯಲ್ಲಿರೋರಿಗೆ ಸಲ್ಲುತ್ತೆ, ಆರಾಧನೆ ದೇವರಿಗೆ ಮಾತ್ರ. 787ರಲ್ಲೇ ಬಿಷಪ್‌ಗಳ ನಿಸೆಯದ ಎರಡನೇ ಮಹಾಸಭೆ ತೀರ್ಮಾನ ಮಾಡಿದೆ.

ವಚನಪ್ರಿಯ: ಹಾವಿನ ಕತೆ ಅರ್ಧಕ್ಕೇ ನಿಲ್ಲಿಸಿದ್ರಲ್ಲ! ಜನ ಅದಕ್ಕೆ ಧೂಪ ಹಾಕ್ತಿದ್ರು ಅಂತ ಹಿಜ್ಕೀಯ ರಾಜ ಒಡೆದು ಚೂರು ಮಾಡಿದ. 2 ಅರಸುಗಳು 18.

ಅಶೋಕರಸ್ತೆ: ಒಡೆದದ್ದು ಧೂಪ ಹಾಕಿದ್ದಕ್ಕೆ, ಹಾವು ಮಾಡಿದ್ದಕ್ಕಲ್ಲ.

ಕೆಆರ್‌ನಗರದ ಗೌಡ: ನಡುವೆ ಬಾಯಿ ಹಾಕ್ತೀನಿ, ಕ್ಷಮಿಸಿ. ಡೋರ್ನಹಳ್ಳಿ ಪ್ರತಿಮೆ ಬಗ್ಗೆ ನಮ್ಮ ಕಡೆ ಹೇಳೋದು, ರೈತ ಹೊಲ ಉಳುವಾಗ ಮರದ ಗೊಂಬೆ ಸಿಕ್ತು, ಮಕ್ಕಳಿಗೆ ಆಟಕ್ಕೆ ಕೊಟ್ಟ, ಆಮೇಲೆ ಸಂತರು ಕನಸಲ್ಲಿ ಬಂದು ಗುಡಿ ಕಟ್ಟಿಸು ಅಂದ್ರು ಅಂತ. ನಮ್ಮನೇಲೂ ಹರಕೆ ಹೊತ್ತು ಹೋಗ್ತಾರೆ. ಆಟಕ್ಕಿದ್ದಾಗ್ಲೂ ಅದೇ ಮರ ತಾನೆ? ಬದಲಾದದ್ದು ಮರ ಅಲ್ಲ, ಜನ.

ಗಾಯನವೃಂದ: ನಾನು ಕಥೋಲಿಕಳೇ, ಆದ್ರೆ ಅಶೋಕರಸ್ತೆಯವರಷ್ಟು ಸಲೀಸಾಗಿ ಹೇಳೋಕಾಗಲ್ಲ. ನಮ್ಮ ಮೈಸೂರಿನ ಸಂತ ಫಿಲೋಮಿನಾ ಚರ್ಚನ್ನೇ ತಗೊಳ್ಳಿ. 1933ರಲ್ಲಿ ನಾಲ್ವಡಿಯವರು ಅಡಿಗಲ್ಲು ಹಾಕಿದ್ದು. ಆ ಸಂತಳ ಬಗ್ಗೆ ಗೊತ್ತಿರೋದಾದ್ರೂ ಎಷ್ಟು? 1802ರಲ್ಲಿ ರೋಮಿನ ನೆಲದಡಿ ಸಮಾಧಿಯಲ್ಲಿ ಸಿಕ್ಕ ಮೂಳೆ, ಅಕ್ಷರ ಬರೆದ ಮೂರು ಹೆಂಚು. 1961ರಲ್ಲಿ ರೋಮೇ ಅವಳ ಹಬ್ಬನ ಪಂಚಾಂಗದಿಂದ ತೆಗೀತು. ಆದ್ರೂ ನೆಲಮಾಳಿಗೆಗೆ ಇಳಿದು, ಮಲಗಿರೋ ಆ ಪ್ರತಿಮೆ ಮುಂದೆ ನಿಂತ್ರೆ ನನಗೆ ಮಾತು ನಿಂತುಹೋಗುತ್ತೆ. ಅದು ತಪ್ಪು ಅನ್ನಿಸಿಲ್ಲ. ಸಿಟ್ಟು ಬರೋದು ಬೇರೆದಕ್ಕೆ. ಪ್ರತಿಮೆ ಮುಟ್ಟಿ, ಕಾಣಿಕೆ ಹಾಕಿ, ಮೇಲೆ ಪೀಠದಲ್ಲಿರೋ ಪರಮಪ್ರಸಾದದ (ಕ್ರಿಸ್ತನ ದೇಹ ಅಂತ ನಾವು ನಂಬೋ ರೊಟ್ಟಿ) ಕಡೆ ತಿರುಗಿಯೂ ನೋಡದೆ ಹೊರಟುಬಿಡ್ತಾರಲ್ಲ, ಅಲ್ಲಿ ವಚನಪ್ರಿಯರ ಮಾತು ಒಪ್ಪಲೇಬೇಕು.

ವಚನಪ್ರಿಯ: ಅಬ್ಬಾ, ಒಬ್ಬರಾದ್ರೂ!

ಬನ್ನಿಮಂಟಪದವ: ಅಮ್ಮನ್ನೇ ಕೇಳಿದೆ, ಏನು ಬೇಡ್ಕೊಂಡ್ರಿ ಅಂತ. ಕಳೆದುಹೋದ ಓಲೆ ಸಿಗಲಿ ಅಂತಂತೆ. ಕೇಳಿದ್ದು ಸಂತರನ್ನಾ, ಪ್ರತಿಮೆಯನ್ನಾ ಅಂದೆ. 'ಮೊದ್ಲು ಓಲೆ ಸಿಗ್ಲಿ, ಆಮೇಲೆ ಹೇಳ್ತೀನಿ' ಅಂದ್ರು.