ಅಪ್‌ಡೇಟ್: ಅಡುಗೆಮನೆಯ ಕೆಲಸವನ್ನು ಕೊನೆಗೆ ಊರಿನ ಬಡಗಿಯವರಿಗೇ ಕೊಟ್ಟೆವು

ಚಿಕ್ಕಮಗಳೂರಿನ ನಮ್ಮ ಹಳೆಯ ಮನೆಗೆ ಬೆಂಗಳೂರಿನ ಕಂಪನಿಯಿಂದ ಮಾಡ್ಯುಲರ್ ಕಿಚನ್ ತರಿಸುವುದೋ, ಊರಿನ ಬಡಗಿಯವರಿಂದಲೇ ಮಾಡಿಸುವುದೋ ಎಂದು ಬೇಸಿಗೆಯಲ್ಲಿ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು.

ನಮ್ಮ ನಿರ್ಧಾರಕ್ಕೆ ಕಾರಣವಾದದ್ದು ದರವಲ್ಲ, ತೇವ. ಕಂಪನಿಯವರ ಕೊಟೇಶನ್ನಿನಲ್ಲಿ ‘ವಾಟರ್‌ಪ್ರೂಫ್ ಬೋರ್ಡ್’ ಎಂದಷ್ಟೇ ಇತ್ತು. ಒತ್ತಿ ಕೇಳಿದಾಗ ಸಿಂಕಿನ ಕೆಳಗೂ ಎಂಡಿಎಫ್ ಹಾಕುವುದಾಗಿ ಹೇಳಿದರು. ಮರದ ನಾರನ್ನು ಅಂಟಿನೊಡನೆ ಒತ್ತಿ ಮಾಡುವ ಆ ಹಲಗೆಗೆ ಅಂಚಿನಿಂದ ನೀರು ಹೊಕ್ಕರೆ ಅದು ಉಬ್ಬುತ್ತದೆ, ಒಣಗಿದ ಮೇಲೂ ಮೊದಲಿನಂತಾಗುವುದಿಲ್ಲ. ಮಳೆಗಾಲವಿಡೀ ಗೋಡೆ ಒಣಗದ ಮನೆಯಲ್ಲಿ ಇದು ಸಣ್ಣ ಮಾತಲ್ಲ. ಆದ್ದರಿಂದ ಐಎಸ್ 710 (ನೀರು ತಡೆಯುವ ಪ್ಲೈವುಡ್ಡಿನ ಭಾರತೀಯ ಮಾನಕ) ಗುರುತಿನ 18 ಮಿ.ಮೀ. ಮರೈನ್ ಪ್ಲೈವುಡ್ಡನ್ನು ನಾವೇ ಖರೀದಿಸಿ, ಪ್ರತಿ ಶೀಟಿನ ಮೇಲಿನ ಮುದ್ರೆಯನ್ನು ನೋಡಿಕೊಂಡು, ಬಡಗಿಯವರಿಗೆ ಕೂಲಿಯನ್ನು ಮಾತ್ರ ಚದರಡಿ ಲೆಕ್ಕದಲ್ಲಿ ಗೊತ್ತುಮಾಡಿದೆವು.

ಅವರು ಟೇಪು ಹಿಡಿಯುವ ಮೊದಲು, ‘ಅಮ್ಮ, ರೊಟ್ಟಿ ತಟ್ಟುವ ಹಾಗೆ ಒಮ್ಮೆ ನಿಂತುಕೊಳ್ಳಿ’ ಎಂದು ನನ್ನ ತಾಯಿಯನ್ನು ಕೇಳಿ, ಮೊಣಕೈ ಎಲ್ಲಿಗೆ ಬರುತ್ತದೆಂದು ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದರು. ಕಟ್ಟೆಯ ಎತ್ತರ 32 ಇಂಚಾಯಿತು. ಕಂಪನಿಯವರ ನಕ್ಷೆಯಲ್ಲಿ ಅದು 34 ಇತ್ತು. ಸಿಂಕಿನ ಪೈಪಿಗಾಗಿ ಕೊರೆದ ತೂತಿನ ಒಳ ಅಂಚಿಗೂ ಬಡಗಿಯವರು ನೀರು ಹೊಗದಂತೆ ಸೀಲರ್ ಹಚ್ಚಿದ್ದನ್ನು ಕಂಡು ನನಗೆ ನಿಜಕ್ಕೂ ಸಮಾಧಾನವಾಯಿತು.

ಗ್ರಾನೈಟಿನವರು ತಡಮಾಡಿದ್ದರಿಂದ ಕೆಲಸ ಎರಡು ವಾರ ಹಿಂದೆ ಬಿದ್ದಿತು. ಕೂಲಿಯ ಕೊನೆಯ ಕಂತನ್ನು, ಬಡಗಿಯವರ ಒಪ್ಪಿಗೆಯಿಂದಲೇ, ಮಳೆಗಾಲ ಕಳೆದು ಬಾಗಿಲುಗಳು ಸರಿಯಾಗಿ ಕೂರುತ್ತವೆಯೇ ಎಂದು ನೋಡಿದ ಮೇಲೆ, ಕಳೆದ ವಾರ ಕೊಟ್ಟೆವು.